ಗಣಕದಲ್ಲಿ ಕಾರ್ಯಕಾಲಮಾನ: ಒಂದು ವಿಮರ್ಶೆ

೧

ಪ್ರಾಚೀನ ಗ್ರಂಥಗಳ ಪದಾನುಕ್ರಮಣಿಕೆ, ಪಾಠಾಂತರಗಳ ತುಲನೆ, ಛಂದಃಪರೀಕ್ಷೆ ಮೊದಲಾದ ಕೆಲಸಗಳನ್ನು ಗಣಕಯಂತ್ರದಿಂದ ಮಾಡಿಸುವ ರೂಢಿಯು ಈಚೆಗೆ ನಮ್ಮ ಸಾಹಿತ್ಯವಿಭಾಗಗಳಲ್ಲಿಯೂ ಬೇರೂರುತ್ತಿರುವುದು. ಅದರ ಬೆನ್ನಿಗೇ ಇನ್ನೊಂದು ರೂಢಿಯೂ ಬಂದಿದೆ. ಒಂದು ಕ್ರಮವಿಧಿಯು, ಅಂದರೆ ಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಸಾಲು, ಇಷ್ಟು ಸೆಕೆಂಡಿನಲ್ಲಿ ಮುಗಿಯಿತು. ಇನ್ನೊಂದಕ್ಕೆ ಅದರ ಹಲವು ಮಡಿ ಹಿಡಿಯಿತು. ಆದುದರಿಂದ ಮೊದಲನೆಯದೇ ಲೇಸು ಎಂದು ತೀರ್ಪು ಕೊಡುವುದೇ ಆ ರೂಢಿ. ಈ ತೀರ್ಪಿಗೆ ಆಧಾರವಾದ ಸಂಖ್ಯೆಯು ಯಾವುದನ್ನು ಅಳೆದು ಬಂದದ್ದು, ಅಳೆದ ಸಾಧನದ ಗುಣದೋಷಗಳೇನು, ಅದನ್ನು ಪ್ರಮಾಣವೆಂದು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವ್ಯಾಕರಣ ಮೀಮಾಂಸೆಗಳನ್ನು ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ಕೆಲವರು ಕೇಳಬಹುದು. ನಾನು ಈ ವಿಚಾರಕ್ಕೆ ಇಳಿದದ್ದು ಕುತೂಹಲದಿಂದಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ೨೦೨೧ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಈಗ ಸೇರಿವೆ. ಮದರಾಸು ಆಧಿಪತ್ಯದ ಕಾಲದಲ್ಲಿ ಈ ಸೀಮೆಯು ಬಳ್ಳಾರಿ ಜಿಲ್ಲೆಯಲ್ಲಿದ್ದುದರಿಂದ ಇಲ್ಲಿನ ಅನೇಕ ಶಾಸನಗಳು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿ ೧೯೩೯ರಲ್ಲಿ ಹೊರತಂದ ದಕ್ಷಿಣಭಾರತದ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲನೆಯ ಭಾಗದಲ್ಲಿ ಅಚ್ಚಾಗಿವೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳು ಅವುಗಳಲ್ಲಿ ಮುಖ್ಯವಾದುವು. ನಮ್ಮ ಸೀಮೆಯ ಒಂದು ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಈ ಶಾಸನಪಾಠಗಳಿಗೆ ಪದಾನುಕ್ರಮಣಿಕೆಯನ್ನು ಸಿದ್ಧಪಡಿಸುವ ಕ್ರಮವಿಧಿಗಳನ್ನು ಬೇರೆಬೇರೆಯಾಗಿ ರಚಿಸಿದ್ದರು. ಪರೀಕ್ಷಕರಲ್ಲಿ ನಾನೂ ಒಬ್ಬನು. ಎರಡೂ ಒಂದೇ ಪಾಠವನ್ನು ಓದಿದುವು. ಎರಡೂ ಒಂದೇ ಅನುಕ್ರಮಣಿಕೆಯನ್ನು ಕೊಟ್ಟುವು. ಮೊದಲು ಓಡಿಸಿದ್ದು ಬಹಳ ಹೊತ್ತು ಹಿಡಿಯಿತು; ಆಮೇಲೆ ಓಡಿಸಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಗೋಡೆಯ ಗಡಿಯಾರವನ್ನು ನೋಡಿ ನಾವು ಮೊದಲನೆಯವನಿಗೆ ಅಂಕಗಳನ್ನು ಕಡಿಮೆ ಮಾಡಿದೆವು. ಪಾಠನಿರ್ಣಯದಲ್ಲಿ ಒಂದು ಅಕ್ಷರಕ್ಕಾಗಿ ದಿನಗಟ್ಟಲೆ ವಾದಿಸುವ ನಾವು ಈ ಸಂಖ್ಯೆಯ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕೆಲವು ತಿಂಗಳ ತರುವಾಯ, ಕೊಟ್ಟೂರಿನವನೂ ನನ್ನಲ್ಲಿ ಹಿಂದೆ ಅಮರ ಶಬ್ದಗಳನ್ನು ಓದಿದವನೂ ಈಗ ಬೆಂಗಳೂರಿನಲ್ಲಿ ಯಂತ್ರಶಾಸ್ತ್ರದ ಕೆಲಸದಲ್ಲಿರುವವನೂ ಆದ ಶಿಷ್ಯನೊಬ್ಬನು ಹಬ್ಬಕ್ಕೆ ಊರಿಗೆ ಬಂದಿದ್ದಾಗ ಈ ಪ್ರಸಂಗವನ್ನು ಕೇಳಿ, ಎರಡು ಕ್ರಮವಿಧಿಗಳನ್ನೂ ತರಿಸಿಕೊಂಡು ಪರೀಕ್ಷಿಸಿದನು. ಪರೀಕ್ಷೆ ಮುಗಿದಮೇಲೆ ಅವನು ಹೇಳಿದ ಮಾತು ಇದು: "ಗುರುಗಳೆ, ತಾವು ನಿಂತ ತೇರನ್ನೂ ನಡೆದ ತೇರೆಂದೇ ಎಣಿಸಿಬಿಟ್ಟಿರಿ." ಈ ಮಾತಿನ ಅರ್ಥವನ್ನು ಬಿಡಿಸುವುದೇ ಮುಂದಿನ ವಿಚಾರ.

೨

ಕ್ರಿಯೆಯೆಂದರೇನು, ಅದರ ಕಾಲವೆಂದರೇನು ಎಂಬ ಪ್ರಶ್ನೆಯು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಅಡಿಗೆ ಮಾಡುತ್ತಾನೆ, ಹೋಗುತ್ತಾನೆ ಎಂಬಂತಹ ಆಖ್ಯಾತಪದಗಳು ಉಪಕ್ರಮದಿಂದ ಅಪವರ್ಗದವರೆಗೆ, ಎಂದರೆ ತೊಡಗಿದಂದಿನಿಂದ ಮುಗಿಯುವವರೆಗೆ, ಒಂದರ ಹಿಂದೊಂದಾಗಿ ಬರುವ ಅವಯವಗಳ ಸಾಲನ್ನು ಒಂದೇ ಎಂಬಂತೆ ಹೇಳುತ್ತವೆಂದು ಯಾಸ್ಕನು ನಿರುಕ್ತದಲ್ಲಿ ನಿರೂಪಿಸಿದ್ದಾನೆ. ಪತಂಜಲಿಯು ವರ್ತಮಾನಕಾಲದ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಉಣ್ಣುತ್ತಿರುವವನು ನಡುವೆ ನಗುತ್ತಾನೆ, ಮಾತನಾಡುತ್ತಾನೆ, ನೀರು ಕುಡಿಯುತ್ತಾನೆ. ಆದರೂ ಅವನನ್ನು ಉಣ್ಣುತ್ತಿದ್ದಾನೆಂದೇ ಲೋಕವು ವ್ಯವಹರಿಸುವುದು. ನಡುವಣ ಬೇರೆ ಕೆಲಸಗಳು ತೊಡಗಿದ ಕ್ರಿಯೆಯನ್ನು ಮುರಿಯುವುದಿಲ್ಲ.

ವ್ಯವಹಾರಕ್ಕೆ ಇದು ಸರಿ. ಆದರೆ "ಊಟಕ್ಕೆ ಎಷ್ಟು ಹೊತ್ತಾಯಿತು?" ಎಂದು ಕೇಳಿದರೆ ಎರಡು ಉತ್ತರಗಳು ಹುಟ್ಟುವುವು. ಎಲೆಯ ಮುಂದೆ ಕುಳಿತಲ್ಲಿಂದ ಎದ್ದವರೆಗಿನ ಕಾಲ ಒಂದು. ತುತ್ತು ಎತ್ತಿ ನುಂಗಿದ ಕಾಲಗಳ ಮೊತ್ತ ಇನ್ನೊಂದು. ಬಡಿಸುವವನು ತಡಮಾಡಿದ್ದರೆ ಮೊದಲನೆಯದು ಬೆಳೆಯುವುದು, ಎರಡನೆಯದು ಬೆಳೆಯದು. ಮೊದಲನೆಯ ಸಂಖ್ಯೆಯನ್ನು ಹಿಡಿದು ಉಣ್ಣುವವನನ್ನು ನಿಧಾನಗಾರನೆಂದರೆ ಅದು ಬಡಿಸುವವನ ದೋಷವನ್ನು ಉಣ್ಣುವವನ ತಲೆಗೆ ಕಟ್ಟಿದಂತೆ.

ಗಣಕದಲ್ಲಿಯೂ ಹೀಗೆಯೇ. ಯೂನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿರುವ "ಟೈಮ್" ಎಂಬ ಅತ್ಯಂತ ಸರಳವಾದ ಸಾಧನವು ಒಂದು ಸಂಖ್ಯೆಯನ್ನಲ್ಲ, ಮೂರು ಸಂಖ್ಯೆಗಳನ್ನು ಕೊಡುತ್ತದೆಂಬುದೇ ಇಲ್ಲಿ ಗಮನಿಸತಕ್ಕ ಮೊದಲನೆಯ ವಿಷಯ. ಆರಂಭದಿಂದ ಅಂತ್ಯದವರೆಗೆ ಗಡಿಯಾರದಲ್ಲಿ ಕಳೆದುದು "ರಿಯಲ್". ಕ್ರಮವಿಧಿಯು ತನ್ನ ಸ್ವಂತ ಆಜ್ಞೆಗಳನ್ನು ನಡೆಯಿಸುತ್ತ ಸಂಸ್ಕಾರಕವನ್ನು, ಅಂದರೆ ಎಣಿಕೆ ನಡೆಸುವ ಅಂಗವನ್ನು, ಬಳಸಿದ ಕಾಲ "ಯೂಸರ್". ಆ ಕ್ರಮವಿಧಿಯ ಪರವಾಗಿ ಕರ್ನೆಲ್ ಎಂಬ ವ್ಯವಸ್ಥೆಯ ತಿರುಳು ಸಂಸ್ಕಾರಕವನ್ನು ಬಳಸಿದ ಕಾಲ "ಸಿಸ್". ಕೊನೆಯ ಎರಡನ್ನು ಕೂಡಿದರೆ ಮೊದಲನೆಯದು ಬರಬೇಕೆಂದು ಹೊಸಬರು ಭಾವಿಸುವರು. ಹಾಗೆ ಬರಬೇಕಾದ ನಿಯಮವಿಲ್ಲ. ಕ್ರಮವಿಧಿಯು ಡಿಸ್ಕಿನಿಂದಲೋ ಜಾಲದಿಂದಲೋ ಏನನ್ನಾದರೂ ಎದುರುನೋಡುತ್ತ ಸುಮ್ಮನಿದ್ದರೆ, ಅಥವಾ ಸಂಸ್ಕಾರಕದ ಸರದಿಗಾಗಿ ಕಾದಿದ್ದರೆ, ಗಡಿಯಾರದ ಕಾಲವು ಮೊತ್ತಕ್ಕಿಂತ ಹೆಚ್ಚುವುದು. ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿದರೆ ಮೊತ್ತವೇ ಗಡಿಯಾರದ ಕಾಲವನ್ನು ಮೀರುವುದು. ನಾಲ್ವರು ಒಂದು ತಾಸು ಹೊಲ ಕಳೆದರೆ ನಾಲ್ಕು ಆಳುತಾಸು ಆಗುವಂತೆ.

ನಮ್ಮ ಸೀಮೆಯವರಿಗೆ ಕೊಟ್ಟೂರಿನ ತೇರಿಗಿಂತ ಒಳ್ಳೆಯ ನಿದರ್ಶನ ಬೇಡ. ಗುರು ಕೊಟ್ಟೂರೇಶ್ವರನ ತೇರು ಹೊರಟು ಹಿಂದಿರುಗಿ ನಿಲ್ಲುವವರೆಗಿನ ಹೊತ್ತೆಲ್ಲವನ್ನೂ ತೇರೆಳೆದ ಹೊತ್ತೆಂದೇ ಜನರು ಹೇಳುವರು. ಅದರಲ್ಲಿ ಗಾಲಿಯು ಉರುಳಿದ ಹೊತ್ತೆಷ್ಟು, ಹಗ್ಗ ಹಿಡಿದವರು ದಣಿವಾರಿಸಿಕೊಂಡ ಹೊತ್ತೆಷ್ಟು, ಗಾಲಿಗೆ ಅಡ್ಡಮರ ಕೊಟ್ಟು ದಾರಿ ಸರಿಮಾಡಿಕೊಂಡ ಹೊತ್ತೆಷ್ಟು ಎಂದು ಬೇರ್ಪಡಿಸಿದರೆ ಮಾತ್ರ ತೇರಿನ ವೇಗವನ್ನು ಕುರಿತು ಏನನ್ನಾದರೂ ಹೇಳಬಹುದು. ನಾವು ಪರೀಕ್ಷಕರು ನೋಡಿದ್ದು "ರಿಯಲ್" ಒಂದನ್ನೇ. ಶಿಷ್ಯನು ತೋರಿಸಿದಂತೆ ಎರಡೂ ಕ್ರಮವಿಧಿಗಳ "ಯೂಸರ್" ಕಾಲವು ಹೆಚ್ಚುಕಡಿಮೆ ಸಮವಾಗಿತ್ತು. ಆ ಹುಡುಗನ ಕ್ರಮವಿಧಿಯು ಕೆಲಸದಲ್ಲಿ ನಿಧಾನವಾಗಿರಲಿಲ್ಲ. ಎಲ್ಲಿಯೋ ಕಾದು ನಿಂತಿತ್ತು.

೩

ಎಲ್ಲಿ ನಿಂತಿತ್ತೆಂದು ತಿಳಿಯಲು ಮೂರು ಸಂಖ್ಯೆಗಳು ಸಾಲವು. ಜಾಡು ಹಿಡಿದು ಹೋಗಬೇಕು. ಇದಕ್ಕಾಗಿ ಇರುವ ಸಾಧನಗಳಿಗೆ ಟ್ರೇಸಿಂಗ್ ಸಾಧನಗಳೆಂದು ಹೆಸರು. ಅವುಗಳಲ್ಲಿ ಹಳೆಯದೂ ಸುಲಭವೂ ಆದುದು "ಎಸ್‌ಟ್ರೇಸ್". ಇದನ್ನು ಪಾಲ್ ಕ್ರಾನೆನ್‌ಬರ್ಗ್ ಎಂಬವರು ೧೯೯೧ರಲ್ಲಿ ಸನ್ ಸಂಸ್ಥೆಯ ವ್ಯವಸ್ಥೆಗಾಗಿ ರಚಿಸಿದರು. ತರುವಾಯ ಅದು ಲಿನಕ್ಸಿಗೂ ಬಂದಿತು. ಕ್ರಮವಿಧಿಯು ಕಡತವನ್ನು ತೆರೆಯುವುದಕ್ಕೂ ಓದುವುದಕ್ಕೂ ಬರೆಯುವುದಕ್ಕೂ ಕರ್ನೆಲ್ಲನ್ನು ಬೇಡಬೇಕಷ್ಟೆ. ಆ ಬೇಡಿಕೆಗೆ ಸಿಸ್ಟಂ ಕಾಲ್ ಎನ್ನುವರು. ಎಸ್‌ಟ್ರೇಸ್ ಬಾಗಿಲಲ್ಲಿ ನಿಂತ ಕರಣಿಕನಂತೆ ಪ್ರತಿಯೊಂದು ಬೇಡಿಕೆಯನ್ನೂ ಅದಕ್ಕೆ ದೊರೆತ ಉತ್ತರವನ್ನೂ ಬರೆದಿಡುವುದು. ಕೇಳಿದರೆ ಒಂದೊಂದಕ್ಕೂ ಹಿಡಿದ ಕಾಲವನ್ನೂ ಹೇಳುವುದು, ಕೊನೆಗೆ ಮೊತ್ತದ ಪಟ್ಟಿಯನ್ನೂ ಕೊಡುವುದು.

ಆದರೆ ಈ ಕರಣಿಕನ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಅವನ ಭಾರ. ಒಂದು ಬೇಡಿಕೆಗೆ ಅವನು ಕ್ರಮವಿಧಿಯನ್ನು ಎರಡು ಸಲ ತಡೆದು ನಿಲ್ಲಿಸುವನು: ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ. ತಡೆದಾಗಲೆಲ್ಲ ಸಂಸ್ಕಾರಕವು ಆ ಕ್ರಮವಿಧಿಯನ್ನು ಬಿಟ್ಟು ಎಸ್‌ಟ್ರೇಸಿಗೆ ಹೊರಳಿ ಮತ್ತೆ ಹಿಂದಿರುಗಬೇಕು. ಆದುದರಿಂದ ಬೇಡಿಕೆಗಳು ಹೆಚ್ಚಾಗಿರುವ ಕ್ರಮವಿಧಿಯು ಅವನ ಕಣ್ಣೆದುರಿನಲ್ಲಿ ಸಹಜಕ್ಕಿಂತ ಅನೇಕ ಮಡಿ ನಿಧಾನವಾಗುವುದು. ಬೇಡಿಕೆಗಳು ಕಡಿಮೆಯಿದ್ದು ಎಣಿಕೆಯೇ ಹೆಚ್ಚಾಗಿರುವುದು ಅಷ್ಟಾಗಿ ಬಾಧೆಗೊಳ್ಳದು.

ಎರಡನೆಯ ಎಚ್ಚರಿಕೆಯು ಇನ್ನೂ ಸೂಕ್ಷ್ಮವಾದುದು. ಎಸ್‌ಟ್ರೇಸ್ ಕೊಡುವ ಮೊತ್ತದ ಪಟ್ಟಿಯು, ಬೇರೆಯಾಗಿ ಕೇಳದಿದ್ದರೆ, ಕರ್ನೆಲ್ಲು ಆ ಬೇಡಿಕೆಗಾಗಿ ಸಂಸ್ಕಾರಕವನ್ನು ಬಳಸಿದ ಕಾಲವನ್ನು ಹೇಳುವುದೇ ಹೊರತು ಗಡಿಯಾರದಲ್ಲಿ ಕಳೆದ ಕಾಲವನ್ನಲ್ಲ. ಕಾದುನಿಂತ ಹೊತ್ತು ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅದು ಬೇಕಾದರೆ ಪ್ರತ್ಯೇಕವಾದ ಸೂಚನೆ ಕೊಡಬೇಕು. ಆದರೆ ಒಂದೊಂದು ಬೇಡಿಕೆಯ ಎದುರಿಗೆ ಬರೆಸಿಕೊಳ್ಳುವ ಕಾಲವು ಆರಂಭದಿಂದ ಅಂತ್ಯದವರೆಗಿನದು. ಒಂದೇ ಸಾಧನ, ಒಂದೇ ಓಟ. ಎರಡು ಕಡೆ "ಕಾಲ"ವೆಂಬ ಒಂದೇ ಮಾತು, ಅರ್ಥಗಳು ಮಾತ್ರ ಎರಡು. ಶ್ಲೇಷವು ಕಾವ್ಯದಲ್ಲಿ ಗುಣ, ಅಳತೆಯಲ್ಲಿ ದೋಷ.

ನಮ್ಮ ಹುಡುಗನ ಕ್ರಮವಿಧಿಯಲ್ಲಿ ಎಸ್‌ಟ್ರೇಸ್ ಕಂಡದ್ದೇನು? ಅವನು ಒಂದೊಂದು ಪದವನ್ನು ಅನುಕ್ರಮಣಿಕೆಯಲ್ಲಿ ಸೇರಿಸಿದೊಡನೆಯೇ "ಎಫ್‌ಸಿಂಕ್" ಎಂಬ ಬೇಡಿಕೆಯನ್ನು ಕರ್ನೆಲ್ಲಿಗೆ ಸಲ್ಲಿಸುತ್ತಿದ್ದನು. ಬರೆದುದನ್ನು ಸ್ಮೃತಿಯಲ್ಲಿ ಇಟ್ಟುಕೊಂಡು ಬಿಡುವಾದಾಗ ಡಿಸ್ಕಿಗೆ ಸೇರಿಸುವುದು ಕರ್ನೆಲ್ಲಿನ ವಾಡಿಕೆ. ಎಫ್‌ಸಿಂಕ್ ಎಂದರೆ "ಈಗಲೇ ಸೇರಿಸು, ಸೇರಿಸುವವರೆಗೆ ನಾನು ಕಾಯುತ್ತೇನೆ" ಎಂದು ಹಟ ಹಿಡಿದಂತೆ. ಅವನು ಹೀಗೇಕೆ ಮಾಡಿದನು? ಅವನ ಹಳ್ಳಿಯಲ್ಲಿ ವಿದ್ಯುತ್ತು ಯಾವಾಗ ಹೋಗುವುದೆಂದು ಹೇಳಬರುವಂತಿಲ್ಲ. ಹಿಂದೊಮ್ಮೆ ಇಡೀ ರಾತ್ರಿಯ ಕೆಲಸವು ಹೀಗೆ ಹಾಳಾದಮೇಲೆ, ಸೇರಿಸಿದ ಪದವು ಎಂದಿಗೂ ಕಳೆಯಬಾರದೆಂದು ಅವನು ಈ ಏರ್ಪಾಡು ಮಾಡಿಕೊಂಡಿದ್ದನು. ನಾವು ಮಂದಗತಿಯೆಂದು ಹಳಿದದ್ದು ಅವನ ಜಾಗರೂಕತೆಯ ಬೆಲೆ. ಇಷ್ಟೇ ಅಲ್ಲ. ಅವನ ಕ್ರಮವಿಧಿಯಲ್ಲಿ ಬೇಡಿಕೆಗಳು ಹೆಚ್ಚಾದುದರಿಂದ ಎಸ್‌ಟ್ರೇಸಿನ ತಡೆಗಳೂ ಹೆಚ್ಚಾಗಿ, ಈ ಸಾಧನದೆದುರಿನಲ್ಲಿ ಎರಡು ಕ್ರಮವಿಧಿಗಳ ಅಂತರವು ಇನ್ನೂ ದೊಡ್ಡದಾಗಿ ಕಂಡಿತು. ಗಡಿಯಾರವು ಮಾಡಿದ ಅನ್ಯಾಯವನ್ನು ಮೊದಲನೆಯ ಸಾಧನವು ಕಾರಣವನ್ನು ತೋರಿಸುತ್ತಲೇ ಇಮ್ಮಡಿಸಿತು.

೪

ಆದುದರಿಂದ ಶಿಷ್ಯನು ಇನ್ನೊಂದು ಬಗೆಯ ಸಾಧನಕ್ಕೆ ಕೈಹಾಕಿದನು. ಅದರ ಮೂಲಗ್ರಂಥವು ಬಹುಮಟ್ಟಿಗೆ ಕರ್ಣಾಟಕದಲ್ಲಿಯೇ ರಚಿತವಾದುದೆಂದು ಅವನು ಹೇಳಿದಾಗ, ಗ್ರಂಥವಿಮರ್ಶೆಯೇ ವೃತ್ತಿಯಾದ ನನಗೆ ಅದನ್ನು ಓದಿಯೇ ತೀರಬೇಕೆನಿಸಿತು. ಲಿನಕ್ಸ್ ಕರ್ನೆಲ್ಲಿನ ಪಾಠವು ಎಲ್ಲರಿಗೂ ಬಿಚ್ಚಿಟ್ಟ ಓಲೆಯ ಕಟ್ಟು. ಯಾರು ಬೇಕಾದರೂ ಓದಬಹುದು. ಅವನು ಸಾಲು ಸಾಲಾಗಿ ಅರ್ಥ ಹೇಳಿದನು, ನಾನು ಕೇಳಿಕೊಂಡೆನು.

ಈ ಗ್ರಂಥದ ಹೆಸರು "ಕೆಪ್ರೋಬ್ಸ್". ಹಸ್ತಪ್ರತಿಗಳ ಪುಷ್ಪಿಕೆಯಂತೆ ಇದರ ಮೊದಲಿಗೇ ಕರ್ತೃಗಳ ಹೆಸರುಗಳೂ ಅವರವರ ಕೆಲಸವೂ ಕಾಲವೂ ನಮೂದಾಗಿವೆ. ೨೦೦೨ರಲ್ಲಿ ಐ.ಬಿ.ಎಂ. ಸಂಸ್ಥೆಯ ಭಾರತೀಯ ಶಾಖೆಯ ವಂಶಿಕೃಷ್ಣ ಎಂಬವರು ಮೊದಲ ರೂಪವನ್ನು ಕೊಟ್ಟರು. ೨೦೦೪ರಲ್ಲಿ ಸುಪರ್ಣಾ ಭಟ್ಟಾಚಾರ್ಯ ಅವರೂ ಪ್ರಸನ್ನ ಪಂಚಮುಖಿಯವರೂ ಅದನ್ನು ಬೆಳೆಯಿಸಿದರು. ಆ ವರ್ಷವೇ ಅದು ಲಿನಕ್ಸಿನ ೨.೬.೯ನೆಯ ಆವೃತ್ತಿಯಲ್ಲಿ ಸೇರಿತು. ೨೦೦೫ರಲ್ಲಿ ಅಮೆರಿಕೆಯ ಹೀನ್ ಗುಯೆನ್, ಜಿಮ್ ಕೆನಿಸ್ಟನ್ ಇವರೊಡನೆ ಪಂಚಮುಖಿಯವರು ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಭಾಗವನ್ನು ಕೂಡಿಸಿದರು. ೨೦೦೬ರಲ್ಲಿ ಆಟವಾದ ಲಿನಕ್ಸ್ ಸಮ್ಮೇಳನಕ್ಕೆ ಈ ಗ್ರಂಥವನ್ನು ವಿವರಿಸುವ ಪ್ರಬಂಧವನ್ನು ಬರೆದವರಲ್ಲಿ ಮೊದಲ ಹೆಸರು ಅನಂತ ಮಾವಿನಕಾಯನಹಳ್ಳಿಯವರದು. ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿ ಹುಟ್ಟಿದ ಈ ಕೃತಿಯು ಇಂದು ಲೋಕದ ಎಲ್ಲೆಡೆಯೂ ಲಿನಕ್ಸ್ ಯಂತ್ರಗಳಲ್ಲಿ ನೆಲೆಸಿದೆ. ಕರ್ನೆಲ್ಲಿಗಾಗಿ ಮಾಡಿದುದನ್ನೇ ಸಾಮಾನ್ಯ ಕ್ರಮವಿಧಿಗಳಿಗೂ ಅನ್ವಯಿಸುವ "ಯುಪ್ರೋಬ್ಸ್", ಐ.ಬಿ.ಎಂ.ನ ಶ್ರೀಕರ ದ್ರೋಣಂರಾಜು ಅವರ ಮುಖ್ಯ ಪ್ರಯತ್ನದಿಂದ, ೨೦೧೨ರಲ್ಲಿ ಸೇರಿತು.

ಇದರ ವಿಧಾನವು ಬಾಗಿಲು ಕಾಯುವುದಲ್ಲ. ಕರ್ನೆಲ್ಲಿನ ಯಾವ ಕ್ರಿಯೆಯನ್ನು ಅಳೆಯಬೇಕೋ ಆ ಕ್ರಿಯೆಯ ಮೊದಲ ಆಜ್ಞೆಯ ಪ್ರತಿಯನ್ನು ತೆಗೆದಿಟ್ಟುಕೊಂಡು, ಆ ಸ್ಥಾನದಲ್ಲಿ "ಇಲ್ಲಿ ನಿಲ್ಲು" ಎಂಬ ಅರ್ಥದ ಆಜ್ಞೆಯನ್ನು ಇಡುವುದು. ಸಂಸ್ಕಾರಕವು ಅಲ್ಲಿಗೆ ಬಂದು ನಿಂತಾಗ ನಾವು ಹೇಳಿದ ಕೆಲಸವನ್ನು ಮಾಡಿ, ತೆಗೆದಿಟ್ಟ ಮೂಲ ಆಜ್ಞೆಯನ್ನು ನಡೆಯಿಸಿ, ಮುಂದಕ್ಕೆ ಬಿಡುವುದು. ಪಾಠದಲ್ಲಿ ಒಂದು ಅಕ್ಷರದ ಮೇಲೆ ಗುರುತು ಮಾಡಿ ಅಂಚಿನಲ್ಲಿ ಟಿಪ್ಪಣಿ ಬರೆದು ಮೂಲವನ್ನು ಕೆಡಿಸದಿರುವ ಲಿಪಿಕಾರನ ಕ್ರಮವಿದು. ೨೦೦೫ರಲ್ಲಿ ಸೇರಿದ ಭಾಗಕ್ಕೆ "ಕ್ರೆಟ್‌ಪ್ರೋಬ್" ಎಂದು ಹೆಸರು. ಕ್ರಿಯೆಯು ಮುಗಿದಮೇಲೆ ಎಲ್ಲಿಗೆ ಹಿಂದಿರುಗಬೇಕೆಂಬ ವಿಳಾಸವನ್ನು ಪ್ರವೇಶದಲ್ಲಿಯೇ ಎತ್ತಿಟ್ಟುಕೊಂಡು, ಆ ಸ್ಥಾನದಲ್ಲಿ ತನ್ನ ವಿಳಾಸವನ್ನು ಇಡುವುದು. ಕ್ರಿಯೆಯು ಮುಗಿದು ತನ್ನ ಬಳಿಗೆ ಬಂದಾಗ ಹೊತ್ತು ನೋಡಿಕೊಂಡು ನಿಜವಾದ ವಿಳಾಸಕ್ಕೆ ಕಳುಹಿಸುವುದು. ಯಾಸ್ಕನು ಹೇಳಿದ ಉಪಕ್ರಮ ಅಪವರ್ಗಗಳೆರಡಕ್ಕೂ ಗುರುತು ದೊರೆತಂತಾಯಿತು.

ಈ ಗ್ರಂಥದೊಡನೆ ಮಾದರಿಯಾಗಿ ಇಟ್ಟಿರುವ ಒಂದು ಸಣ್ಣ ಪಾಠವು ವಿಶೇಷವಾಗಿ ಪರಿಶೀಲನಾರ್ಹವಾದುದು. ಒಂದು ಕ್ರಿಯೆಯ ಫಲವನ್ನೂ ಅದಕ್ಕೆ ಹಿಡಿದ ಒಟ್ಟು ಕಾಲವನ್ನೂ ವರದಿ ಮಾಡುವುದೇ ತನ್ನ ವಿಷಯವೆಂದು ಅದು ಆರಂಭದಲ್ಲಿಯೇ ಸಾರುವುದು. ಅನುಬಂಧಚತುಷ್ಟಯದಲ್ಲಿ ವಿಷಯಪ್ರಯೋಜನಗಳು ಹೀಗೆ ಸ್ಪಷ್ಟವಾದುವು. ಅಧಿಕಾರಿಯನ್ನೂ ಅದು ಹೇಳುವುದು: ಕರ್ನೆಲ್ಲಿನ ಒಳಗಣ ಸ್ವಂತ ಕೆಲಸಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮೊದಲಿಗೇ ಹೊರಗಿಡುವುದು. ಪ್ರವೇಶದಲ್ಲಿ ಹೊತ್ತನ್ನು ಬರೆದುಕೊಂಡು, ನಿರ್ಗಮನದಲ್ಲಿ ಮತ್ತೆ ನೋಡಿ, ವ್ಯತ್ಯಾಸವನ್ನು ನ್ಯಾನೊಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನ ಮಾನದಲ್ಲಿ, ಅಚ್ಚುಮಾಡುವುದು.

ಇದರ ದೊಡ್ಡ ಗುಣವು ಕೊನೆಯ ಸಾಲಿನಲ್ಲಿದೆ. ಒಂದೇ ಕ್ರಿಯೆಯು ಏಕಕಾಲದಲ್ಲಿ ಹಲವು ಕಡೆ ನಡೆಯುತ್ತಿದ್ದರೆ ಎಷ್ಟನ್ನು ಒಟ್ಟಿಗೆ ನೋಡಿಕೊಳ್ಳಬಲ್ಲೆನೆಂದು ಈ ಪಾಠವು ಒಂದು ಮಿತಿಯನ್ನು ಹಾಕಿಕೊಂಡಿರುವುದು. ಮಾದರಿಯಲ್ಲಿ ಆ ಮಿತಿಯು ೨೦. ಅದಕ್ಕಿಂತ ಹೆಚ್ಚಾದರೆ ಉಳಿದವು ಲೆಕ್ಕಕ್ಕೆ ಬಾರದೆ ಜಾರಿಹೋಗುವುವು. ಹಾಗೆ ಜಾರಿಹೋದುವು ಎಷ್ಟೆಂಬುದನ್ನು ಅದು ಬೇರೆಯಾಗಿ ಎಣಿಸಿಟ್ಟು, ಮುಗಿಯುವಾಗ "ಇಷ್ಟು ನನಗೆ ತಪ್ಪಿದುವು" ಎಂಬರ್ಥದ ಸಾಲನ್ನು ತಾನಾಗಿ ಬರೆಯುವುದು. ಸವೆದುಹೋದ ಅಕ್ಷರಗಳ ಕಡೆ ಚುಕ್ಕೆಗಳನ್ನಿಟ್ಟು, ಕಂಡದ್ದನ್ನು ಮಾತ್ರ ಓದುವ ಶಾಸನಸಂಪಾದಕನ ಪ್ರಾಮಾಣಿಕತೆಯಿದು. ಕಾಣದ್ದನ್ನು ಕಂಡಂತೆ ತುಂಬಿಕೊಡುವ ಸಂಪಾದಕರನ್ನು ನಾವೆಲ್ಲರೂ ನೋಡಿದ್ದೇವೆ.

ದೋಷಗಳೂ ಉಂಟು. ಅದು ಅಳೆಯುವುದು ಗಡಿಯಾರದ ಕಾಲವನ್ನು. ನಡುವೆ ಕ್ರಿಯೆಯು ಮಲಗಿದ್ದರೆ ಮಲಗಿದ ಹೊತ್ತೂ ಸೇರುವುದು. "ನಡೆಯಲು ಹಿಡಿದ ಕಾಲ" ಎಂದು ಅದು ಅಚ್ಚುಮಾಡುವ ಮಾತು ಈ ಕಾರಣದಿಂದ ಅತಿವ್ಯಾಪ್ತಿಗೊಳಗಾದುದು. ಎರಡನೆಯದಾಗಿ, ಅಳೆಯುವುದಕ್ಕೂ ಕಾಲ ಹಿಡಿಯುವುದು. ೨೦೦೫ರ ಸಾಮಾನ್ಯ ಸಂಸ್ಕಾರಕಗಳಲ್ಲಿ ಒಂದು ಕೆಪ್ರೋಬಿಗೆ ಅರ್ಧದಿಂದ ಒಂದು ಮೈಕ್ರೊಸೆಕೆಂಡು, ಎಂದರೆ ೫೦೦ರಿಂದ ೧,೦೦೦ ನ್ಯಾನೊಸೆಕೆಂಡು, ತಗಲುತ್ತಿತ್ತೆಂದೂ ಹಿಂದಿರುಗುವಿಕೆಯನ್ನು ಹಿಡಿಯುವುದಕ್ಕೆ ಅದಕ್ಕಿಂತ ಶೇಕಡಾ ೫೦ರಿಂದ ೭೫ರಷ್ಟು ಹೆಚ್ಚೆಂದೂ ಅದರ ಕರ್ತೃಗಳೇ ತಮ್ಮ ವಿವರಣೆಯಲ್ಲಿ ಒಪ್ಪಿಕೊಂಡಿದ್ದಾರೆ. ಈ ಭಾರದ ಒಂದು ಪಾಲು ಅಳೆದ ಕಾಲದೊಳಗೇ ಸೇರಿಹೋಗುವುದು. ತನ್ನ ಭಾರವೇ ನೂರಾರು ನ್ಯಾನೊಸೆಕೆಂಡುಗಳಾಗಿರುವಾಗ ಕೊನೆಯ ಅಂಕಿಯವರೆಗೆ ಬರೆದು ತೋರಿಸುವುದು ಸೂಕ್ಷ್ಮತೆಯ ಆಭಾಸ, ಸೂಕ್ಷ್ಮತೆಯಲ್ಲ. ಸೂರ್ಯಸಿದ್ಧಾಂತವು ಪ್ರಾಣದಿಂದ ಮೇಲಣ ಕಾಲವನ್ನು ಮೂರ್ತವೆಂದೂ ತ್ರುಟಿ ಮೊದಲಾದುದನ್ನು ಅಮೂರ್ತವೆಂದೂ ವಿಂಗಡಿಸಿರುವುದು. ಪ್ರಾಣವೆಂದರೆ ನಮ್ಮ ಇಂದಿನ ೪ ಸೆಕೆಂಡು, ಎಂದರೆ ೪೦ ಲಕ್ಷ ಮೈಕ್ರೊಸೆಕೆಂಡು. ಯಂತ್ರಗಳು ಬದಲಾದಂತೆ ಮೂರ್ತದ ಎಲ್ಲೆಯು ಕೆಳಕ್ಕೆ ಸರಿದಿದೆ. ಆದರೆ ಎಲ್ಲೆಯೊಂದು ಇದ್ದೇ ಇದೆ. ಅದು ಎಲ್ಲಿದೆಯೆಂದು ಹೇಳದೆ ಅಂಕಿಗಳನ್ನು ಬರೆಯುವುದು ಶಾಸ್ತ್ರವಲ್ಲ.

೫

ಇಲ್ಲಿ ಮೂರು ಪೂರ್ವಪಕ್ಷಗಳು ಹುಟ್ಟುವುವು.

ಸಾಧನದ ಭಾರವು ಎರಡು ಕ್ರಮವಿಧಿಗಳಿಗೂ ಸಮಾನವಾದುದರಿಂದ ತುಲನೆಗೆ ಬಾಧಕವಿಲ್ಲವೆನ್ನುವುದು ಮೊದಲನೆಯದು. ಇದು ನಿಲ್ಲದು. ಭಾರವು ಬೀಳುವುದು ಕೆಲಸದ ಪ್ರಮಾಣಕ್ಕೆ ತಕ್ಕಂತೆ ಅಲ್ಲ, ತಡೆಗಳ ಸಂಖ್ಯೆಗೆ ತಕ್ಕಂತೆ. ಹತ್ತು ಸುಂಕದ ಕಟ್ಟೆಗಳನ್ನು ದಾಟುವ ಬಂಡಿಯೂ ಒಂದನ್ನು ದಾಟುವ ಬಂಡಿಯೂ ಸಮಾನವಾಗಿ ಸುಂಕ ತೆತ್ತುವೆಂದು ಯಾರೂ ಹೇಳರು. ಮೇಲೆ ಕಂಡ ಎಸ್‌ಟ್ರೇ‌ಸಿನ ಪ್ರಸಂಗವೇ ಇದಕ್ಕೆ ಸಾಕ್ಷಿ.

ಹಲವು ಸಲ ಓಡಿಸಿ ಸರಾಸರಿ ತೆಗೆದರೆ ದೋಷವು ಕಳೆಯುವುದೆನ್ನುವುದು ಎರಡನೆಯದು. ಆಕಸ್ಮಿಕವಾದ ಏರಿಳಿತಗಳು ಹೀಗೆ ಕಳೆಯಬಹುದು. ಒಂದೇ ದಿಕ್ಕಿಗೆ ಎಳೆಯುವ ದೋಷವು ಎಷ್ಟು ಸಲ ಓಡಿಸಿದರೂ ಉಳಿಯುವುದು. ಅಲ್ಲದೆ ಎರಡನೆಯ ಓಟವು ಮೊದಲನೆಯದರಂತೆ ಇರುವುದೂ ಇಲ್ಲ. ಒಮ್ಮೆ ಓದಿದ ಕಡತವನ್ನು ಕರ್ನೆಲ್ಲು ಸ್ಮೃತಿಯಲ್ಲಿ ಉಳಿಸಿಕೊಂಡಿರುವುದರಿಂದ ಮತ್ತೆ ಓದುವವನಿಗೆ ಡಿಸ್ಕಿನವರೆಗೆ ಹೋಗುವ ಶ್ರಮವಿಲ್ಲ. ನಮ್ಮ ಪರೀಕ್ಷೆಯಲ್ಲಿ ನಡೆದ ಇನ್ನೊಂದು ಅನ್ಯಾಯವು ಇದೇ. ಮೊದಲು ಓಡಿದ ಹುಡುಗನ ಕ್ರಮವಿಧಿಯು ಶಾಸನಪಾಠಗಳನ್ನು ಡಿಸ್ಕಿನಿಂದ ಎತ್ತಿತಂದಿತು. ಆಮೇಲೆ ಓಡಿದ್ದಕ್ಕೆ ಅವು ಕೈಗೆಟುಕುವಲ್ಲಿ ಸಿದ್ಧವಾಗಿದ್ದುವು. ಒಬ್ಬನು ಬಾವಿಯಿಂದ ಸೇದಿ ಕೊಡವನ್ನು ತುಂಬಿಟ್ಟನು. ಇನ್ನೊಬ್ಬನು ಕೊಡದಿಂದ ಮೊಗೆದು ಕುಡಿದನು. ನಾವು ಎರಡನೆಯವನನ್ನು ಚುರುಕೆಂದು ಹೊಗಳಿದೆವು.

ಮೂರನೆಯ ಪೂರ್ವಪಕ್ಷವು ಬಲವುಳ್ಳದ್ದು. ಉಪಯೋಗಿಸುವವನಿಗೆ ಕಾಲವು ಎಲ್ಲಿ ಕಳೆಯಿತೆಂಬುದರಿಂದ ಆಗಬೇಕಾದುದೇನು? ಅವನು ಕುಳಿತು ಕಾದ ಹೊತ್ತೇ ಅವನಿಗೆ ಸತ್ಯ. ಗಡಿಯಾರವೇ ಅವನಿಗೆ ಪ್ರಮಾಣ. ಇದನ್ನು ನಾನು ಒಪ್ಪುತ್ತೇನೆ. ಪತಂಜಲಿಯು ಇನ್ನೊಂದು ಪ್ರಕರಣದಲ್ಲಿ, ಒಂದೇ ದಾರಿಯನ್ನು ರಥಿಕನು ಬೇಗನೆಯೂ ಕುದುರೆಯವನು ತಡವಾಗಿಯೂ ಕಾಲುನಡೆಯವನು ಇನ್ನೂ ತಡವಾಗಿಯೂ ಕ್ರಮಿಸುವರು, ಇದರಿಂದ ದಾರಿಯು ಬೇರೆಯಾಗದು ಎಂಬ ದೃಷ್ಟಾಂತವನ್ನು ಕೊಟ್ಟಿರುವನು. ಊರು ಸೇರುವ ಆತುರವುಳ್ಳವನು ಸೇರಿದ ಹೊತ್ತನ್ನು ಕೇಳಲಿ. ಅದು ನ್ಯಾಯವಾದ ಪ್ರಶ್ನೆ. ಆದರೆ ದಾರಿಯ ಉದ್ದವನ್ನು ಹೇಳಬೇಕಾದವನು ನಡೆದವನ ಹೊತ್ತನ್ನು ನೋಡಿ ಹೇಳಬಾರದು. ಪರೀಕ್ಷಕನ ಪ್ರಶ್ನೆಯು "ನಾನು ಎಷ್ಟು ಹೊತ್ತು ಕಾದೆ?" ಎಂಬುದಲ್ಲ, "ಇವನ ರಚನೆಯಲ್ಲಿ ಗುಣವೆಷ್ಟು, ದೋಷವೆಷ್ಟು?" ಎಂಬುದು. ಪ್ರಶ್ನೆಯೊಂದು, ಸಂಖ್ಯೆ ಇನ್ನೊಂದರದು ಆದಾಗ ಸಂಖ್ಯೆಯು ಎಷ್ಟು ನಿಜವಾಗಿದ್ದರೂ ತೀರ್ಪು ಸುಳ್ಳಾಗುವುದು.

ಇಷ್ಟರಿಂದ ಸಿದ್ಧವಾದುದೇನೆಂದರೆ: ಕಾರ್ಯಕಾಲವೆಂಬುದು ಕ್ರಮವಿಧಿಯಲ್ಲಿಯೇ ನೆಲೆಸಿರುವ ಗುಣವಲ್ಲ. ಮಾಡುವವನು, ಅವನು ಕಾದ ವಸ್ತು, ಅಳೆದ ಸಾಧನ ಈ ಮೂರರ ಸಂಬಂಧವನ್ನು ಹೇಳುವ ಒಂದು ವಾಕ್ಯವದು. ವಾಕ್ಯದಿಂದ ಒಂದು ಪದವನ್ನು ಕಿತ್ತು ಅದಕ್ಕೇ ಪ್ರಾಮಾಣ್ಯವನ್ನು ಕಟ್ಟುವುದು ಮೀಮಾಂಸಕರಿಗೆ ಒಪ್ಪಿಗೆಯಾಗದು, ವಿಮರ್ಶಕರಿಗೂ ಆಗಬಾರದು.

೬

ಹಾಗಾದರೆ ಸರಿಯಾದ ಕ್ರಮವಾವುದು? ಇದಕ್ಕೆ ಆ ವಿದ್ಯಾರ್ಥಿಗಳು ಅನುಕ್ರಮಣಿಕೆ ಕಟ್ಟಿದ ಶಾಸನಗಳಲ್ಲಿಯೇ ಉತ್ತರವಿದೆ. ನಮ್ಮ ಸೀಮೆಯ ಚಾಲುಕ್ಯಕಾಲದ ದಾನಶಾಸನಗಳು ಕಾಲವನ್ನು ಹೇಳುವಾಗ ಒಂದೇ ಸಂಖ್ಯೆಗೆ ನಿಲ್ಲುವುದು ವಿರಳ. ಶಕವರ್ಷ ಅಥವಾ ವಿಕ್ರಮವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಅದರ ಮೇಲೆ ಸಂಕ್ರಮಣವೋ ಗ್ರಹಣವೋ ವ್ಯತೀಪಾತವೋ ಇದ್ದರೆ ಅದೂ ಸೇರಿ, ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲುವುವು. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕುಳಿತ ಸಂಶೋಧಕನು ತಿಥಿಗೂ ವಾರಕ್ಕೂ ಹೊಂದಾಣಿಕೆಯಿದೆಯೆ, ಹೇಳಿದ ಗ್ರಹಣವು ಆ ದಿನ ಆಗಿತ್ತೆ ಎಂದು ನೋಡಿ, ಒಂದು ತಪ್ಪಿದ್ದರೆ ಉಳಿದವುಗಳಿಂದ ಅದನ್ನು ಹಿಡಿಯುವನು. ಹೀಗೆ ಪರೀಕ್ಷೆಗೆ ಎಡೆಕೊಡುವುದರಿಂದಲೇ ಶಾಸನದ ಕಾಲೋಕ್ತಿಗೆ ಪ್ರಾಮಾಣ್ಯ. ಪರಿಶೀಲನೆಗೆ ಎಡೆಗೊಡದ ಒಂಟಿ ಸಂಖ್ಯೆಯನ್ನು ನಾವು ಕಲ್ಲಿನ ಮೇಲೆ ಕಂಡರೂ ಸಂಶಯಿಸುತ್ತೇವೆ. ಯಂತ್ರದ ಪರದೆಯ ಮೇಲೆ ಕಂಡರೆ ನಂಬಿಬಿಡುತ್ತೇವೆ.

ಆದುದರಿಂದ ನಮ್ಮ ವಿಭಾಗಗಳಲ್ಲಿ ಯಾರಾದರೂ ಕ್ರಮವಿಧಿಗಳ ಕಾಲವನ್ನು ತುಲನೆಗೆ ಬಳಸುವುದಾದರೆ ಇಷ್ಟನ್ನಾದರೂ ಜೊತೆಯಲ್ಲಿ ಹೇಳತಕ್ಕುದೆಂದು ನನ್ನ ಸೂಚನೆ. ಗಡಿಯಾರದ ಕಾಲ, ಸ್ವಂತ ಕೆಲಸದ ಕಾಲ, ಕರ್ನೆಲ್ಲಿನ ಕಾಲ ಮೂರನ್ನೂ ಕೊಡಬೇಕು. ಕಡತಗಳು ಸ್ಮೃತಿಯಲ್ಲಿ ಮೊದಲೇ ಇದ್ದುವೆ ಇಲ್ಲವೆ, ಯಾವುದನ್ನು ಮೊದಲು ಓಡಿಸಿತು, ಎಷ್ಟು ಸಲ ಓಡಿಸಿತು ಎಂಬುದನ್ನು ತಿಳಿಸಬೇಕು. ಅಳೆದ ಸಾಧನ ಯಾವುದು, ಅದು ಹೇಳುವ "ಕಾಲ"ವು ಯಾವ ಅರ್ಥದ್ದು, ಅದರ ಭಾರವೆಷ್ಟು ಎಂಬುದನ್ನು ಬರೆಯಬೇಕು. ಸಾಧನಕ್ಕೆ ತಪ್ಪಿಹೋದುವು ಎಷ್ಟೆಂಬುದನ್ನು ಬೆಂಗಳೂರಿನ ಆ ಗ್ರಂಥವು ಒಪ್ಪಿಕೊಳ್ಳುವಂತೆ ನಾವೂ ಒಪ್ಪಿಕೊಳ್ಳಬೇಕು. ಕೊನೆಯದಾಗಿ, ನಿಧಾನವು ಕಂಡಾಗ ಅದು ಯಾವುದಕ್ಕಾಗಿ ತೆತ್ತ ಬೆಲೆಯೆಂದು ರಚಿಸಿದವನನ್ನೇ ಕೇಳಬೇಕು.

ಈ ಕೊನೆಯ ಪ್ರಶ್ನೆಯನ್ನು ನಾವು ಕೇಳಿದ್ದರೆ ಯಾವ ಸಾಧನವೂ ಬೇಕಾಗುತ್ತಿರಲಿಲ್ಲ. ಶಿಷ್ಯನು ಪರೀಕ್ಷಿಸುವ ಹೊತ್ತಿಗೆ ಅಂಕಗಳು ಪ್ರಕಟವಾಗಿಹೋಗಿದ್ದುವು. ತಿದ್ದುವ ಅಧಿಕಾರವು ನನಗಿರಲಿಲ್ಲ. ಹುಡುಗನ ಊರಿಗೆ ಹೋಗಿ, ಅವನ ತಂದೆಯ ಎದುರಿನಲ್ಲಿ, ತಪ್ಪು ನಮ್ಮದೆಂದು ಹೇಳಿ ಬಂದೆನು. ಅವನು ಸಂಕೋಚದಿಂದ, "ಇರಲಿ ಬಿಡ್ರಿ ಗುರುಗಳೆ, ಪದ ಒಂದೂ ಕಳೀಲಿಲ್ಲಲ್ರಿ" ಎಂದನು. ಅನುಕ್ರಮಣಿಕೆಯ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣವಾವುದು?

ಯಂತ್ರಶಾಸ್ತ್ರದ ವಿಷಯದಲ್ಲಿ ನಾನು ಕೇಳಿ ತಿಳಿದವನೇ ಹೊರತು ಕಲಿತು ತಿಳಿದವನಲ್ಲ. ಮೇಲಣ ವಿಚಾರದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದೂ, ಅಳತೆಯ ಸಂಖ್ಯೆಗಳನ್ನು ಪಾಠಾಂತರಗಳಷ್ಟೇ ಎಚ್ಚರಿಕೆಯಿಂದ ಪರಿಶೀಲಿಸುವ ಪದ್ಧತಿಯನ್ನು ನಮ್ಮ ವಿದ್ವಾಂಸರು ಆಚರಣೆಗೆ ತರಬೇಕೆಂದೂ ಬಿನ್ನವಿಸಿಕೊಳ್ಳುತ್ತೇನೆ.